ಅತ್ತೆಯ ಮುಖದ ಬಂಗು

ಈ ಪ್ರಸಂಗವನ್ನು ಹೇಳುವಾಗಲೆಲ್ಲ ನಾನು ಅದಕ್ಕೆ ಮಳೆ ಸೇರಿಸುತ್ತೇನೆ. ಬೇಲೂರಿನ ಲಾಡ್ಜಿನ ಮೆಟ್ಟಿಲಿಳಿದು ಹೊರಗೆ ಬಂದಾಗ ಮಳೆ ಸುರಿಯುತ್ತಿತ್ತು, ಅತ್ತೆ ಸೆರಗನ್ನು ತಲೆಗೆ ಹೊದ್ದುಕೊಂಡಳು, ಇಬ್ಬರೂ ಬಸ್ ಸ್ಟ್ಯಾಂಡಿನವರೆಗೆ ನೆನೆದುಕೊಂಡೇ ಹೋದೆವು ಎಂದು. ಮಳೆ ಬಂದಿರಲಿಲ್ಲ. ಬೇಸಿಗೆ. ಅತ್ತೆ ಸೆರಗು ಹೊದ್ದದ್ದು ಧೂಳಿಗೆ. ಮಳೆಯನ್ನು ನಾನು ಯಾವ ಸಲ ಹೇಳುವಾಗ ಸೇರಿಸಿದೆನೋ ಗೊತ್ತಿಲ್ಲ. ಮದುವೆ ವಿಡಿಯೊ ಎಡಿಟ್ ಮಾಡಿ ಮಾಡಿ ಪಳಗಿದ ಕೈ ಇದು. ಎಲ್ಲಿ ಹಾಡು ಬರಬೇಕು, ಎಲ್ಲಿ ಮೇಲಿನಿಂದ ಹೂ ಉದುರಬೇಕು ಎಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಈ ಸಲ ನನಗೆ ಗೊತ್ತಿರುವುದನ್ನೂ ನಾನು ಸೇರಿಸಿದ್ದನ್ನೂ ಬೇರೆ ಮಾಡಲು ನೋಡುತ್ತೇನೆ. ಪೂರ್ತಿ ಆಗುತ್ತದೆಂಬ ಭರವಸೆಯಿಲ್ಲ.

ಗೊತ್ತಿರುವುದು ಇಷ್ಟು. ನಾನು ಇಪ್ಪತ್ತೆರಡು ನಿಮಿಷದ ಒಂದು ಸಿನಿಮಾ ಮಾಡಿದ್ದೆ. ಅದನ್ನು ನೋಡಿದ ಬೆಂಗಳೂರಿನ ಒಬ್ಬ ದೊಡ್ಡ ನಿರ್ಮಾಪಕರು ನನ್ನಿಂದ ಪೂರಾ ಎರಡು ಗಂಟೆಯ ಸಿನಿಮಾ ಮಾಡಿಸುವ ಮಾತಾಡಿದ್ದರು. ಮೂರು ವಾರ ಕಳೆದ ಮೇಲೆ ಆ ಮಾತು ಉಳಿಯಲಿಲ್ಲ. ನಡುವೆ ಕೆಡಿಸಿದ್ದು ಯಾರು ಎಂಬುದನ್ನು ನಾನು ಬೇರೆ ಬೇರೆಯವರಿಗೆ ಬೇರೆ ಬೇರೆಯಾಗಿ ಹೇಳಿದ್ದೇನೆ.

ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ನಮ್ಮ ಸ್ಟುಡಿಯೊ. ನಮ್ಮದು ಎಂದರೆ ನನ್ನದಲ್ಲ, ಅಲ್ಲಿ ನಾನು ಕೆಲಸಕ್ಕಿರುವವನು. ಯಜಮಾನನನ್ನು ಅಣ್ಣ ಎನ್ನುತ್ತೇನೆ. ರಕ್ತಸಂಬಂಧ ಏನೂ ಇಲ್ಲ. ಶೂಟಿಂಗೂ ನನ್ನದೇ, ಎಡಿಟಿಂಗೂ ನನ್ನದೇ. ಬಾಣಾವರದಲ್ಲಿ ಮುಹೂರ್ತವಿರಲಿ, ಮಾಲೇಕಲ್ಲಿನ ಬೆಟ್ಟದ ಬುಡದಲ್ಲಿರಲಿ, ಕ್ಯಾಮೆರಾ ಹೊತ್ತುಕೊಂಡು ಹೋಗಿ, ತಂದದ್ದನ್ನು ಕಂಪ್ಯೂಟರಿಗೆ ತುಂಬಿ, ಕತ್ತರಿಸಿ, ಜೋಡಿಸಿ ಕೊಡಬೇಕು. ಅಂಗಡಿಯಲ್ಲಿ ಎರಡು ನಿಯಮಗಳಿದ್ದವು. ಟಚಪ್ ಆಗದ ಮುಖ ಹೊರಗೆ ಹೋಗಕೂಡದು. ಫೈನಲ್ ಕಾಪಿ ಪೆನ್‌ಡ್ರೈವಿಗೆ ಹೋದ ಮೇಲೆ ಆ ಮದುವೆಯದ್ದು ಒಂದು ಚೂರೂ ಕಂಪ್ಯೂಟರಿನಲ್ಲಿ ಉಳಿಯಕೂಡದು, ಮುಂದಿನ ಮದುವೆಗೆ ಜಾಗ ಬೇಕು.

ಟಚಪ್ಪಿನ ನಿಯಮ ಸುಮ್ಮನೆ ಬಂದದ್ದಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೊಬ್ಬರಿ ವ್ಯಾಪಾರದವರ ಮನೆಯ ಮದುವೆ ಮಾಡಿದ್ದೆವು. ಹುಡುಗನ ತಾಯಿ ಆಲ್ಬಮ್ಮು ಹಿಡಿದುಕೊಂಡು ನೇರ ಅಂಗಡಿಗೆ ಬಂದರು.

"ಏನ್ರೀ ಇದು? ಸೊಸೆ ಪಕ್ಕದಲ್ಲಿ ನನ್ನ ಮುದುಕಿ ಮಾಡಿ ನಿಲ್ಸಿದ್ದೀರಲ್ಲಾ!"

"ಇರೋದೇ ಬಂದದೆ ಕಣಮ್ಮ," ಎಂದ ಅಣ್ಣ.

"ಇರೋದು ಕಾಣಕ್ಕೆ ನಮ್ಮನೇಲಿ ಕನ್ನಡಿ ಇಲ್ವಾ? ನಿಮ್ಮನ್ನ ಯಾಕ್ರೀ ಕರೆಸ್ಬೇಕು?"

ಅವತ್ತಿನಿಂದ ನಾನು ಕೆನ್ನೆಗಳ ಮೇಲೆ ಕೆಲಸ ಮಾಡುತ್ತಾ ಬಂದೆ. ಅದರಲ್ಲೂ ಬಂಗು. ನಲವತ್ತು ದಾಟಿದ ಹೆಂಗಸರ ಕೆನ್ನೆಯ ಮೇಲೆ ಚಿಟ್ಟೆ ಕೂತ ಹಾಗೆ ಹರಡುವ ಕಂದು ಕಲೆ ನಮ್ಮ ಕಡೆ ಬಿಸಿಲಲ್ಲಿ ದುಡಿಯುವ ಬಹಳ ಜನಕ್ಕೆ ಇರುತ್ತದೆ. ಧಾರೆ ಎರೆಯುವ ತಾಯಿ ತಲೆ ತಗ್ಗಿಸಿದಾಗ ಅದು ಎದ್ದು ಕಾಣುತ್ತದೆ. ಅದನ್ನು ತೆಗೆಯುವುದರಲ್ಲಿ ನನ್ನಷ್ಟು ಚೊಕ್ಕ ಕೆಲಸ ಅರಸೀಕೆರೆಯಲ್ಲಿ ಇನ್ನೊಬ್ಬನದ್ದಿಲ್ಲ ಎಂದು ಅಣ್ಣ ಹೇಳುತ್ತಿದ್ದ. ನನಗೂ ಅದರ ಹೆಮ್ಮೆಯಿತ್ತು.

ನನ್ನ ಅತ್ತೆಗೆ ಎರಡೂ ಕೆನ್ನೆಯ ತುಂಬ ಬಂಗು.

ಅತ್ತೆ ಎಂದರೆ ಅಪ್ಪನ ತಂಗಿ. ಹಗರೆಯ ಕಡೆ ಕೊಟ್ಟದ್ದು. ಅಲ್ಲೇ ಊರಿನ ಹಾಲಿನ ಡೇರಿಯಲ್ಲಿ ಟೆಸ್ಟ್ ಮಾಡುತ್ತಾಳೆ. ಬೆಳಗ್ಗೆಯೂ ಸಂಜೆಯೂ ಊರವರೆಲ್ಲ ಕ್ಯಾನು ಹಿಡಿದು ಸಾಲು ನಿಲ್ಲುತ್ತಾರೆ. ಅತ್ತೆ ಒಂದು ಸಣ್ಣ ಬಟ್ಟಲಲ್ಲಿ ಹಾಲು ತೆಗೆದು ಮೆಷಿನ್ನಿಗೆ ಇಡುತ್ತಾಳೆ, ಅಂಕಿ ಬರುವವರೆಗೆ ಯಾರ ಮುಖವನ್ನೂ ನೋಡುವುದಿಲ್ಲ. ನೀರು ಬೆರೆತಿದ್ದರೆ "ಡಿಗ್ರಿ ಇಲ್ಲ, ವಾಪಸ್" ಎನ್ನುತ್ತಾಳೆ. ಓರಗಿತ್ತಿಯಾದರೂ ಅಷ್ಟೆ, ದೇವಸ್ಥಾನದ ಪೂಜಾರಿಯಾದರೂ ಅಷ್ಟೆ.

ನನ್ನ ಸಿನಿಮಾದ ಕಥೆಯೂ ಅಷ್ಟೇ. ಟೆಸ್ಟ್ ಮಾಡುವ ಹೆಂಗಸು ಒಂದು ಬೆಳಗ್ಗೆ ತನ್ನ ಸ್ವಂತ ಅಕ್ಕನ ಹಾಲಿಗೆ ವಾಪಸ್ ಎನ್ನಬೇಕಾಗುತ್ತದೆ. ಅಕ್ಕ ಎಲ್ಲರೆದುರು ಕ್ಯಾನನ್ನು ಬಗ್ಗಿಸಿ ಹಾಲನ್ನೆಲ್ಲ ಡೇರಿಯ ಮೆಟ್ಟಿಲ ಮೇಲೆ ಸುರಿದು ಹೋಗುತ್ತಾಳೆ. ಆಮೇಲೆ ಹೆಚ್ಚು ಕಮ್ಮಿ ಎರಡು ನಿಮಿಷ ಟೆಸ್ಟ್ ಮಾಡುವವಳ ಮುಖ, ಅಷ್ಟೆ. ಆ ಹೆಂಗಸಿನ ಪಾತ್ರಕ್ಕೆ ಅತ್ತೆ. ಅಕ್ಕನ ಪಾತ್ರಕ್ಕೆ ಅತ್ತೆಯ ಪಕ್ಕದ ಮನೆಯವಳು, ದಿನಾ ಅದೇ ಡೇರಿಗೆ ಹಾಲು ಹಾಕುವವಳು.

ಪಕ್ಕದ ಮನೆಯವಳು ಶೂಟಿಂಗಿನ ಹಿಂದಿನ ದಿನವೇ ತಕರಾರು ತೆಗೆದಳು. "ಹಾಲು ಚೆಲ್ಲಕ್ಕೆ ನಂಗೆ ಕೈ ಬರಾಕಿಲ್ಲ ಕಣಪ್ಪ. ನಿನ್ ಸಿನ್ಮಾನೂ ಬ್ಯಾಡ, ನೀನೂ ಬ್ಯಾಡ." ಕೊನೆಗೆ ಕ್ಯಾನಿಗೆ ಅಕ್ಕಿ ತೊಳೆದ ನೀರು ತುಂಬಿಸುವುದೆಂದು ಅವಳೂ ನಾನೂ ಮಾತಾಡಿಕೊಂಡೆವು. ನೋಡಲು ಹಾಲಿನಂತೆಯೇ ಕಾಣುತ್ತದೆ. ಇದನ್ನು ಅತ್ತೆಗೆ ಹೇಳಲಿಲ್ಲ. ಬೇಕೆಂದೇ ಹೇಳಲಿಲ್ಲವೋ ಗಡಿಬಿಡಿಯಲ್ಲಿ ಮರೆತೆನೋ ಎಂದು ಕೇಳಿದರೆ, ಬಹಳ ದಿನ "ಬೇಕೆಂದೇ" ಎನ್ನುತ್ತಿದ್ದೆ. ನಿರ್ದೇಶಕರು ಹಾಗೆ ಮಾಡುತ್ತಾರೆ ಎಂದು ಎಲ್ಲೋ ಓದಿದ್ದೆ. ನಿಜವಾಗಿ ಮರೆತಿದ್ದೆ.

ಬೆಳಗ್ಗೆ ಬಿಳಿಯ ನೀರು ಮೆಟ್ಟಿಲ ಮೇಲೆ ಹರಿದಾಗ ಅತ್ತೆ ಅದನ್ನು ಹಾಲೆಂದೇ ತಿಳಿದಳು. ಅಂಗೈಯನ್ನು ಮುಂದೆ ಚಾಚಿ, ಹಾಗೇ ನಿಲ್ಲಿಸಿದಳು. ಅವಳ ಬಲಗೆನ್ನೆ ಒಮ್ಮೆ ನಡುಗಿತು. ಬೆಳಕು ಪಕ್ಕದಿಂದ ಬರುತ್ತಿತ್ತು. ಬಂಗಿನ ಕಂದು, ಅದರ ಸುತ್ತಲಿನ ಗೆರೆಗಳು, ಗೆರೆಗಳೊಳಗಿನ ಬೆವರು ಎಲ್ಲ ಒಂದಾಗಿ ಸಣ್ಣಗೆ ಅಲುಗಾಡಿದವು. ನಾನು ಕ್ಯಾಮೆರಾ ನಿಲ್ಲಿಸಲಿಲ್ಲ. ನಿಲ್ಲಿಸದೇ ಇದ್ದದ್ದೊಂದೇ ಆ ದೃಶ್ಯದಲ್ಲಿ ನಾನು ಮಾಡಿದ ಕೆಲಸ.

ನಿಲ್ಲಿಸಿದ ಮೇಲೆ ಅಕ್ಕಿ ತೊಳೆದ ನೀರೆಂದು ಗೊತ್ತಾಗಿ ಅತ್ತೆ ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ.

ನಿರ್ಮಾಪಕರು ಸಿಕ್ಕಿದ್ದು ಹಳೇಬೀಡಿನಲ್ಲಿ. ಅವರ ಬೇರೆ ಒಂದು ಚಿತ್ರಕ್ಕೆ ಜಾಗ ನೋಡಲು ಬಂದಿದ್ದರು. ಆ ಕಡೆಯ ರಸ್ತೆ, ಕೆರೆ, ತೋಟ ಬಲ್ಲವನೊಬ್ಬ ಬೇಕೆಂದು ಯಾರೋ ಅಣ್ಣನಿಗೆ ಫೋನ್ ಮಾಡಿ, ಅಣ್ಣ ನನ್ನನ್ನು ಕಳಿಸಿದ್ದ. ಮಧ್ಯಾಹ್ನ ಕೆರೆ ಏರಿಯ ಮೇಲೆ ನಿಂತು ಅವರ ಜೊತೆಯವರು ಫೋಟೊ ತೆಗೆಯುತ್ತಿದ್ದಾಗ ನಾನು ಧೈರ್ಯ ಮಾಡಿ ನನ್ನದೊಂದು ಸಣ್ಣ ಸಿನಿಮಾ ಇದೆ ಸರ್ ಎಂದೆ. ಆಗಿನ್ನೂ ಅದಕ್ಕೆ ಟಚಪ್ ಆಗಿರಲಿಲ್ಲ. ಕತ್ತರಿಸಿ ಜೋಡಿಸಿದ್ದನ್ನು ಫೋನಿಗೆ ಆಗುವಷ್ಟು ಚಿಕ್ಕದು ಮಾಡಿ ಇಟ್ಟುಕೊಂಡಿದ್ದೆ, ಅಷ್ಟೆ. ಬಿಸಿಲಿಗೆ ಫೋನಿನ ಪರದೆ ಕಾಣುತ್ತಿರಲಿಲ್ಲ. ಅವರು ನನ್ನ ಹೆಗಲ ಟವೆಲನ್ನು ಕೇಳಿ ತೆಗೆದುಕೊಂಡು, ಏರಿಯ ಕಲ್ಲಿನ ಮೇಲೆ ಕೂತು, ಫೋನಿನ ಸಮೇತ ತಲೆಯ ಮೇಲೆ ಹೊದ್ದುಕೊಂಡರು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಇಪ್ಪತ್ತೆರಡು ನಿಮಿಷ ಆ ಟವೆಲಿನೊಳಗಿಂದ ಅತ್ತೆಯ ದನಿ ಬರುತ್ತಿತ್ತು: "ಡಿಗ್ರಿ ಇಲ್ಲ. ವಾಪಸ್."

ಹೊರಗೆ ಬಂದಾಗ ಅವರ ಕೂದಲೆಲ್ಲ ಕೆದರಿತ್ತು. "ಇವರು ಯಾರು?" ಎಂದರು.

"ನಮ್ಮತ್ತೆ ಸರ್."

"ನಾಟಕ ಗೀಟಕ ಮಾಡಿದ್ದಾರಾ?"

"ಇಲ್ಲ ಸರ್, ಅದೇ ಡೇರೀಲಿ ಕೆಲಸ ಮಾಡ್ತಾರೆ."

"ಆ ಹಾಲು ಚೆಲ್ಲಿದಾಗ ಕೆನ್ನೆ ಹೀಗೆ ಒಂದು ಸಲ ನಡುಗುತ್ತಲ್ಲ, ಅದನ್ನ ನೀವು ಹೇಳಿ ಮಾಡಿಸಿದ್ದಾ?"

"ಹೌದು ಸರ್," ಎಂದೆ.

ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಬೇರೆ ಏನನ್ನು ಸೇರಿಸಿದ್ದರೂ ಈ "ಹೌದು ಸರ್" ಅನ್ನು ನಾನು ಸೇರಿಸಿಲ್ಲ. ತೆಗೆದುಹಾಕಲು ಬಹಳ ಸಲ ನೋಡಿದ್ದೇನೆ.

ಅವರು ಇನ್ನೊಂದು ಸಲ ಟವೆಲ್ ಹೊದ್ದು ಆ ಎರಡು ನಿಮಿಷವನ್ನು ಮಾತ್ರ ನೋಡಿದರು. ಈ ಮುಖವನ್ನು ಇಟ್ಟುಕೊಂಡು ಎರಡು ಗಂಟೆಯ ಸಿನಿಮಾ ಮಾಡಬಹುದು, ಮಾಡಬೇಕು ಎಂದರು. ಇದೇ ಡೇರಿ, ಇದೇ ಊರು, ಇವರೇ, ನೀವೇ. ಮೂರು ವಾರ ಬಿಟ್ಟು ಹಾಡಿನ ಶೂಟಿಂಗಿಗೆಂದು ಮತ್ತೆ ಬೇಲೂರಿಗೆ ಬರುತ್ತೇವೆ, ಜೊತೆಯಲ್ಲಿ ಹಣ ಹಾಕುವ ಇಬ್ಬರು ಪಾಲುದಾರರು ಇರುತ್ತಾರೆ, ಅವರಿಗೆ ದೊಡ್ಡ ಪರದೆಯ ಮೇಲೆ ತೋರಿಸಬೇಕು, ಅದಕ್ಕೆ ತಕ್ಕ ಒಳ್ಳೆಯ ಕಾಪಿ ತನ್ನಿ ಎಂದರು. ಅತ್ತೆಯನ್ನೂ ಕರೆದುಕೊಂಡು ಬನ್ನಿ ಎಂದರು. ಟವೆಲನ್ನು ಮಡಿಚಿ ಕೊಟ್ಟರು.

ಹಳೇಬೀಡಿನಿಂದ ಅರಸೀಕೆರೆಗೆ ಬರುವ ಬಸ್ಸಿನಲ್ಲಿ ನಾನು ನಿಂತೇ ಬಂದೆ. ಸೀಟು ಖಾಲಿ ಇತ್ತು.

ಆಮೇಲೆ ಮೂರು ವಾರ.

ಸಿನಿಮಾ ಮಾಡಿದವನು ನಾನು, ಕಾಪಿ ತಯಾರಿಸಿದವನು ಅಂಗಡಿಯ ನೌಕರ. ಇಬ್ಬರೂ ಒಂದೇ ಕುರ್ಚಿಯಲ್ಲಿ ಕೂತದ್ದರಿಂದ ನನಗೆ ವ್ಯತ್ಯಾಸ ತಿಳಿಯಲಿಲ್ಲ. ಕೈಯಿಂದ ಹೊರಗೆ ಹೋಗುವ ಮುಖ ಹೇಗಿರಬೇಕೆಂದು ಕೈಗೆ ಗೊತ್ತಿತ್ತು. ದೊಡ್ಡವರು ನೋಡುತ್ತಾರೆ, ದೊಡ್ಡ ಪರದೆಯಲ್ಲಿ ನೋಡುತ್ತಾರೆ, ಅತ್ತೆ ಹಗರೆಯ ಹೆಂಗಸಾದರೂ ನಮ್ಮ ಮನೆಯವಳು, ಮರ್ಯಾದೆಯಾಗಿ ಕಾಣಬೇಕು. ದಿನಕ್ಕೆ ಇಷ್ಟಿಷ್ಟೇ ಎಂದು ಹಿಡಿದು, ಕೊಬ್ಬರಿ ವ್ಯಾಪಾರದವರ ಮನೆಯವರಿಗೂ ಮಾಡದಷ್ಟು ಶ್ರದ್ಧೆಯಿಂದ ಅತ್ತೆಯ ಎರಡೂ ಕೆನ್ನೆಯ ಬಂಗನ್ನು ತೆಗೆದೆ. ಗೆರೆಗಳನ್ನು ಇಳಿಸಿದೆ. ಬಣ್ಣವನ್ನು ಸ್ವಲ್ಪ ತಿಳಿ ಮಾಡಿದೆ. ಅಣ್ಣ ಹಿಂದೆ ನಿಂತು ನೋಡಿ, "ಏನ್ಲಾ, ನಿಮ್ಮತ್ತೆಗೆ ಇನ್ನೊಂದ್ಸಲ ಗಂಡು ನೋಡ್ಬೋದು ಕಣ್ಲಾ" ಎಂದ. ನಾನು ನಕ್ಕೆ.

ಸ್ನೇಹಿತರಿಗೆ ಈ ಭಾಗವನ್ನು ಹೇಳುವಾಗ ನಾನು ಬೇರೆ ಹೇಳುತ್ತೇನೆ. ಅತ್ತೆ ಫೋನ್ ಮಾಡಿದಳು. ಪರದೆ ಮೇಲೆ ಕಾಣ್ತೀನಂತೆ, ಬಂಗು ಕಾಣ್ದಂಗೆ ಮಾಡ್ಬುಡು ಮಗ, ಜನ ಆಡ್ಕತಾರೆ ಎಂದಳು. ಅವಳ ಮಾತು ಮೀರಲಾರದೆ ಮಾಡಿದೆ. ಹೇಳಿದರೆ ಎಲ್ಲರೂ ನಗುತ್ತಾರೆ, ಮರುಗುತ್ತಾರೆ. ಹಳ್ಳಿಯ ಹೆಂಗಸಿನ ಮುಗ್ಧತೆಯಿಂದ ಒಬ್ಬನ ಅವಕಾಶ ಹೋಯಿತು ಎಂದರೆ ಕೇಳಲು ಚೆನ್ನಾಗಿರುತ್ತದೆ. ಈ ಫೋನ್ ಬಂದಿತ್ತೇ? ಅವಳ ದನಿ ನನಗೆ ಕೇಳಿಸುತ್ತದೆ. ಆದರೆ ಆ ದನಿ ಕೇಳಿಸಿದಾಗ ನಾನು ಎಲ್ಲಿ ನಿಂತಿದ್ದೆ ಎಂದು ಹುಡುಕಿದರೆ ಜಾಗ ಸಿಗುವುದಿಲ್ಲ. ಒಮ್ಮೊಮ್ಮೆ ಹಗರೆಯ ಅವಳ ಅಡುಗೆಮನೆಯಲ್ಲಿ ಅವಳು ನೇರವಾಗಿ ಹೇಳಿದಂತೆ ಕಾಣುತ್ತದೆ, ಆಗ ಅವಳು ಹಸಿರು ಸೀರೆ ಉಟ್ಟಿರುತ್ತಾಳೆ. ಆ ಹಸಿರು ಸೀರೆ ನಾನೇ ತಂದುಕೊಟ್ಟದ್ದು, ಇದೆಲ್ಲ ಮುಗಿದ ಮೇಲಿನ ಗೌರಿ ಹಬ್ಬಕ್ಕೆ.

ಇನ್ನು ಅಳಿಸಿದ್ದು. ಕಾಪಿ ತಯಾರಾದ ವಾರದಲ್ಲಿ ಮದುವೆಗಳ ಮೇಲೆ ಮದುವೆ. ಅಣ್ಣ ಕೇಳಿದ, "ನಿಂದು ಫೈನಲ್ ಆಯ್ತೇನ್ಲಾ? ಭಾನುವಾರ ಎರಡವೆ, ಜಾಗ ಬೇಕು." ಆಯ್ತಣ್ಣ ಎಂದೆ. ಪೆನ್‌ಡ್ರೈವಿಗೆ ಹಾಕಿಕೊಂಡು, ಇನ್ನೊಂದಕ್ಕೂ ಹಾಕಿಕೊಂಡು, ಅತ್ತೆಯ ಶೂಟಿಂಗಿನ ಮೂಲವನ್ನೆಲ್ಲ ಅಳಿಸಿದೆ. ಅಣ್ಣನೇ ಅಳಿಸಿಬಿಟ್ಟ ಎಂದು ಕೆಲವರಿಗೆ ಹೇಳಿದ್ದೇನೆ. ಅಣ್ಣ ಜಾಗ ಬೇಕೆಂದನೇ ಹೊರತು ನಿನ್ನದನ್ನು ಅಳಿಸು ಎನ್ನಲಿಲ್ಲ. ಬೇರೆ ಹಾರ್ಡ್ ಡಿಸ್ಕ್ ಅಂಗಡಿಯಲ್ಲೇ ಇತ್ತು, ಕೇಳಿದ್ದರೆ ಕೊಡುತ್ತಿದ್ದ. ಮದುವೆ ಮುಗಿದ ಮೇಲೆ ಮಂಟಪದ ಹೂವನ್ನು ಗುಡಿಸಿ ಹಾಕುವ ಹಾಗೆ ನಾನು ಅಳಿಸಿದೆ. ಕೆಲಸ ಮುಗಿಯಿತು ಎಂಬ ನಿರಾಳ ಬಿಟ್ಟು ಬೇರೇನೂ ಆಗ ಮನಸ್ಸಿನಲ್ಲಿರಲಿಲ್ಲ.

ಬೇಲೂರಿನ ಆ ಲಾಡ್ಜು ಬಸ್ ಸ್ಟ್ಯಾಂಡಿಗೆ ಹತ್ತಿರವೇ ಇತ್ತು. ಮೇಲಿನ ಮಹಡಿಯಲ್ಲಿ ಸಣ್ಣ ಪುಟ್ಟ ಸಮಾರಂಭಕ್ಕೆಂದು ಒಂದು ದೊಡ್ಡ ಕೋಣೆ. ಮಧ್ಯಾಹ್ನ ನಾಲ್ಕಕ್ಕೆ ಕಿಟಕಿಗಳಿಗೆ ಬೆಡ್‌ಶೀಟು ಕಟ್ಟಿ ಕತ್ತಲೆ ಮಾಡಿದ್ದರು. ಪ್ರೊಜೆಕ್ಟರು, ಪರದೆ ಅವರದ್ದೇ. ನಿರ್ಮಾಪಕರು, ಇಬ್ಬರು ಪಾಲುದಾರರು, ನಾನು, ಅತ್ತೆ. ಅತ್ತೆ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಿದ್ದಳು. ಸಂಜೆಯ ಹಾಲಿಗೆ ಬೇರೆಯವರನ್ನು ಕೂರಿಸಿ ಬಂದದ್ದು ಅವಳ ಜೀವನದಲ್ಲಿ ಅದೇ ಮೊದಲು. ಬಸ್ಸಿಳಿದವಳೇ, "ಅವ್ಳು ಎಲ್ಲಾರ್ದೂ ಪಾಸ್ ಮಾಡ್ಬುಡ್ತಾಳೆ ಕಣೋ ಇವತ್ತು, ಊರೋರ್ಗೆಲ್ಲ ಹಬ್ಬ" ಎಂದು ಗೊಣಗಿದ್ದಳು. ಆದರೆ ಮುಖ ಅರಳಿತ್ತು. ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ನಿರ್ಮಾಪಕರು ಎದ್ದು ನಿಂತು ಅತ್ತೆಗೆ ಕೈಮುಗಿದರು. ಪಾಲುದಾರರಿಗೆ, "ಇವರೇ" ಎಂದರು, ಆ ಒಂದು ಮಾತಿನಲ್ಲಿ ಮೂರು ವಾರ ಅವರಿಗೆ ಏನೇನು ಹೇಳಿದ್ದರೋ ಎಲ್ಲ ಇತ್ತು.

ಪರದೆಯ ಮೇಲೆ ಡೇರಿ ಬಂತು, ಸಾಲು ಬಂತು. ಅತ್ತೆ ಬಂದಳು.

"ಅಯ್ಯಯ್ಯೋ!" ಎಂದು ಅತ್ತೆ ಕತ್ತಲಲ್ಲಿ ನನ್ನ ಮಂಡಿ ಹಿಡಿದಳು. "ನಾನೇನೋ ಇದು? ಲೇ, ನಾನೇನೋ? ಎಷ್ಟ್ ಲಕ್ಷಣವಾಗಿ ಬಂದೀನೋ ಮಗ!"

ಅವಳ ಖುಷಿ ನಿಲ್ಲಲಿಲ್ಲ. ತನ್ನ ಕೆನ್ನೆಯನ್ನು ತಾನೇ ಸವರಿಕೊಂಡಳು. ಬಂಗು ಎಲ್ಹೋಯ್ತೋ ಎಂದು ಪಿಸುಗುಟ್ಟಿದಳು, ನಕ್ಕಳು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನೂ ಖುಷಿಯಲ್ಲಿದ್ದೆ. ಆ ಹತ್ತು ಹನ್ನೆರಡು ನಿಮಿಷ ಇಬ್ಬರಿಗೂ ಲೋಕದಲ್ಲಿ ಏನೂ ಕಮ್ಮಿಯಿರಲಿಲ್ಲ. ಆಮೇಲೆ ನಾನು ಪಕ್ಕಕ್ಕೆ ತಿರುಗಿದೆ. ನಿರ್ಮಾಪಕರು ಪರದೆ ನೋಡುತ್ತಿರಲಿಲ್ಲ. ಅತ್ತೆಯನ್ನು ನೋಡುತ್ತಿದ್ದರು, ಪರದೆಯ ಬೆಳಕು ಬಿದ್ದ ಅವಳ ನಿಜವಾದ ಮುಖವನ್ನು. ಆಮೇಲೆ ಪರದೆಯನ್ನು. ಮತ್ತೆ ಅತ್ತೆಯನ್ನು.

ಹಾಲು ಚೆಲ್ಲುವ ದೃಶ್ಯ ಬಂತು. ಬಿಳಿ ನೀರು ಮೆಟ್ಟಿಲಿನ ಮೇಲೆ ಹರಿಯಿತು, ಅಂಗೈ ಮುಂದೆ ಬಂದು ನಿಂತಿತು. ಕೆನ್ನೆ ನಡುಗಿರಬೇಕು. ನಡುಗಲು ಅಲ್ಲಿ ಏನೂ ಉಳಿದಿರಲಿಲ್ಲ. ಫೋನಿನ ಪುಟ್ಟ ಪರದೆಯಲ್ಲಿ, ಬಿಸಿಲಲ್ಲಿ, ಟವೆಲಿನ ಕೆಳಗೆ ಕಂಡದ್ದು ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಕಾಣಲಿಲ್ಲ. ಎರಡು ನಿಮಿಷ ಒಂದು ನುಣುಪಾದ ಮುಖ ನಮ್ಮನ್ನು ನೋಡಿತು. ಯಾವುದೋ ಮದುವೆಯಲ್ಲಿ ಧಾರೆ ಎರೆದು ಫೋಟೊಗೆ ನಿಂತ ತಾಯಿಯ ಮುಖ. ನನಗೆ ಆಗ ತಿಳಿಯಿತು ಎಂದು ಬರೆದರೆ ಸೊಗಸಾಗಿರುತ್ತದೆ. ನನಗೆ ಆಗಲೂ ತಿಳಿಯಲಿಲ್ಲ. ಅವರ ಮುಖ ಯಾಕೆ ಹಾಗಾಯಿತು ಎಂದಷ್ಟೇ ಅಂದುಕೊಂಡೆ.

ಲೈಟು ಹಾಕಿದರು. ಪಾಲುದಾರರಲ್ಲಿ ಒಬ್ಬರು "ನೀಟಾಗಿದೆ" ಎಂದರು. ಇನ್ನೊಬ್ಬರು ಫೋನು ತೆಗೆದರು. ಅತ್ತೆ ಯಾರಾದರೂ ಏನಾದರೂ ಹೇಳುತ್ತಾರೆಂದು ಎಲ್ಲರ ಕಡೆಗೂ ನಗುತ್ತಾ ನೋಡುತ್ತಿದ್ದಳು. ನಿರ್ಮಾಪಕರು ನನ್ನನ್ನು ಹೊರಗೆ ಕರೆದರು.

"ನಾನು ಅವತ್ತು ನೋಡಿದ್ದು ಇದಲ್ಲ."

"ಅದೇ ಸರ್. ಒಂದು ಶಾಟ್ ಕೂಡ ಬದಲಾಯಿಸಿಲ್ಲ. ಟಚಪ್ ಅಷ್ಟೇ ಮಾಡಿರೋದು."

"ಅದು ಇದೆಯಾ? ಟಚಪ್ ಇಲ್ಲದ್ದು?"

ಇಲ್ಲ, ಅಳಿಸಿದೆ ಎಂದೆ. ಫೋನಿನಲ್ಲಿದ್ದ ಚಿಕ್ಕ ಕಾಪಿ ಇತ್ತು. ಅದನ್ನೇ ಪರದೆಗೆ ಹಾಕಿ ನೋಡಿದರು. ಅಷ್ಟು ದೊಡ್ಡದಾದಾಗ ಅತ್ತೆಯ ಮುಖವೆಲ್ಲ ಚೌಕ ಚೌಕವಾಗಿ ಒಡೆಯಿತು. ಬಂಗು ಯಾವುದು, ಒಡೆದದ್ದು ಯಾವುದು ಗೊತ್ತಾಗಲಿಲ್ಲ. ಪಾಲುದಾರರು ಒಂದು ನಿಮಿಷ ನೋಡಿ ಟೀ ತರಿಸಲು ಹೇಳಿದರು.

"ಮತ್ತೆ ಶೂಟ್ ಮಾಡಿ ಕಳಿಸ್ತೀನಿ ಸರ್," ಎಂದೆ. "ಒಂದು ವಾರ ಕೊಡಿ."

"ಆ ದೃಶ್ಯ ಮತ್ತೆ ಬರುತ್ತಾ?"

"ಬರುತ್ತೆ ಸರ್. ನಾನು ಹೇಳಿ ಮಾಡಿಸಿದ್ದಲ್ವಾ."

ಅವರು ಒಂದು ವಾರ ಕೊಟ್ಟರು.

ಆ ವಾರ ಮೂರು ಬೆಳಗ್ಗೆ ಹಗರೆಯ ಡೇರಿಯಲ್ಲಿ ಕ್ಯಾಮೆರಾ ಇಟ್ಟೆ. ಮೊದಲ ದಿನ ಅತ್ತೆ ಪೌಡರ್ ಹಾಕಿಕೊಂಡು ಬಂದಳು. ತೊಳೆಸಿದೆ. ಕ್ಯಾಮೆರಾ ಕಡೆಗೆ ಒಂದೇ ಕೆನ್ನೆ ಕೊಡುತ್ತಿದ್ದಳು, ಬಂಗು ಕಮ್ಮಿ ಇದ್ದದ್ದನ್ನು. ಪರದೆಯ ಮೇಲಿನ ಆ ನುಣುಪು ಮುಖವನ್ನು ಅವಳು ಒಮ್ಮೆ ನೋಡಿದ್ದಳು, ಇನ್ನು ಅದನ್ನು ಮರೆಯುವುದು ಅವಳ ಕೈಯಲ್ಲಿರಲಿಲ್ಲ. ಎರಡನೆಯ ದಿನ ಕ್ಯಾನಿನಲ್ಲಿರುವುದು ಅಕ್ಕಿ ತೊಳೆದ ನೀರೆಂದು ಗೊತ್ತಿದ್ದದ್ದರಿಂದ ಅವಳ ಕಣ್ಣು ಅದನ್ನು ನೀರಿನ ಹಾಗೆಯೇ ನೋಡಿತು. ಸಾಲಿನಲ್ಲಿ ನಿಂತವರು, "ಹೀರೋಯಿನಮ್ಮ, ನಮ್ದೂ ಒಸಿ ನೋಡಿ, ಹಾಲು ಕೆಡ್ತದೆ" ಎಂದು ಕಾಲೆಳೆದರು. ಮೂರನೆಯ ದಿನ ನಾನು ಯಾರಿಗೂ ಹೇಳದೆ ನಿಜವಾದ ಹಾಲನ್ನೇ ಕೊಂಡು ತುಂಬಿಸಿದೆ. ಪಕ್ಕದ ಮನೆಯವಳು ಕ್ಯಾನು ಎತ್ತಿದ ಕೂಡಲೇ ವಾಸನೆಗೇ ತಿಳಿದು ಕೆಳಗಿಟ್ಟುಬಿಟ್ಟಳು. ಅವಳ ಕೈಯಿಂದ ಕಿತ್ತುಕೊಂಡು ನಾನೇ ಚೆಲ್ಲಿದೆ. ಬಿಸಿ ಹಾಲು, ಆಗಷ್ಟೇ ಕರೆದದ್ದು, ಮೆಟ್ಟಿಲಿನ ಮೇಲೆ ನೊರೆ ನೊರೆಯಾಗಿ ಇಳಿಯಿತು.

ಅತ್ತೆಯ ಮುಖದಲ್ಲಿ ಬಂದದ್ದು ಕೋಪ. ನನ್ನ ಮೇಲಿನ ಕೋಪ. "ಮಕ್ಕಳು ಕುಡಿಯೋದನ್ನ ಮಣ್ಣಿಗೆ ಹಾಕ್ತೀಯಲ್ಲೋ, ಏನ್ ಬಂದೈತೋ ನಿಂಗೆ? ನಡಿ ಆಚೆಗೆ."

ಅದನ್ನೇ ಕಳಿಸಿದೆ. ಅವರು ನೋಡಿದರು ಎಂದು ಫೋನು ತೋರಿಸಿತು. ನಾಲ್ಕು ದಿನ ಬಿಟ್ಟು ಅವರೇ ಫೋನ್ ಮಾಡಿ, ಬೈಯದೆ, ಬಹಳ ಮೆತ್ತಗೆ ಮಾತಾಡಿದರು. ಪಾಲುದಾರರು ಬೇರೆ ಕಡೆ ಹಾಕುತ್ತಿದ್ದಾರೆ, ಮುಂದೆ ನೋಡೋಣ, ಕೆಲಸ ಬಿಡಬೇಡಿ ಎಂದರು. ಕೊನೆಗೆ ಕೇಳಿದರು, "ಅವತ್ತು ಆ ಕೆನ್ನೆಯದ್ದು, ನಿಜ ಹೇಳಿ, ನೀವು ಮಾಡಿಸಿದ್ದಲ್ಲ, ಅಲ್ವಾ?" ನಾನು ಏನೆಂದೆ ಎಂಬುದು ನೆನಪಿಲ್ಲ. ಇದನ್ನು ನಂಬಿ. ಹುಡುಕಿದ್ದೇನೆ, ಅಲ್ಲಿ ಏನೂ ಇಲ್ಲ.

ಈಗಲೂ ಅದೇ ಅಂಗಡಿ. ಕೆನ್ನೆಗಳ ಕೆಲಸಕ್ಕೆ ಈಗ ಕಂಪ್ಯೂಟರೇ ಸಾಕು, ಒಂದು ಗುಂಡಿ ಒತ್ತಿದರೆ ಇಡೀ ಛತ್ರದ ಬಂಗು ಹೋಗುತ್ತದೆ. ಮೊನ್ನೆ ಒಂದು ಮದುವೆಯಲ್ಲಿ ಹುಡುಗಿಯ ತಾಯಿ ಕಣ್ಣೊರೆಸಿಕೊಳ್ಳುವುದನ್ನು ಜೋಡಿಸುತ್ತಾ ಗುಂಡಿ ಒತ್ತಲು ಹೋಗಿ ಕೈ ನಿಂತಿತು. ಅಣ್ಣ ಬಂದು ಒತ್ತಿದ.

ಹೋದ ತಿಂಗಳು ಬೇಲೂರಿನಲ್ಲಿ ಕೆಲಸವಿತ್ತು, ಬರುವಾಗ ಹಗರೆಯಲ್ಲಿ ಇಳಿದೆ. ಸಂಜೆಯ ಹಾಲಿನ ಹೊತ್ತು. ಅತ್ತೆ ಬಟ್ಟಲು ತೊಳೆಯುತ್ತಾ, ಸಾಲು ನೋಡುತ್ತಾ, ನನ್ನ ಜೊತೆ ಮಾತಾಡುತ್ತಾ ಇದ್ದಳು. ಆ ಪೆನ್‌ಡ್ರೈವನ್ನು ಅವಳು ಈಗಲೂ ಟಿವಿಗೆ ಹಾಕಿ ಬಂದವರಿಗೆಲ್ಲ ತೋರಿಸುತ್ತಾಳೆ. ಸಾಲಿನಲ್ಲಿದ್ದ ಒಬ್ಬ ಮುದುಕ, "ಹೀರೋಯಿನ್ನು, ಎರಡನೇ ಸಿನ್ಮಾ ಯಾವಾಗ?" ಎಂದ. "ನಿನ್ ಹಾಲಿಗೆ ಡಿಗ್ರಿ ಬಂದ್ ದಿವ್ಸ" ಎಂದಳು.

ಆ ದಿನಗಳ ಬಗ್ಗೆ ಬರೆಯುತ್ತಿದ್ದೇನೆ ಎಂದೆ. ಒಂದು ಗೊತ್ತಾಗಬೇಕಾಗಿತ್ತು ಎಂದೆ. "ಬಂಗು ತೆಗಿ ಅಂತ ನೀನು ನಂಗೆ ಹೇಳಿದ್ಯಾ ಅತ್ತೆ? ಫೋನಲ್ಲೋ, ಮನೇಲೋ?"

ಅವಳು ಬಟ್ಟಲನ್ನು ಮೆಷಿನ್ನಿಗೆ ಇಟ್ಟಳು. ಅಂಕಿ ಬರುವವರೆಗೆ ನನ್ನ ಕಡೆ ನೋಡಲಿಲ್ಲ.

"ಅದ್ರಿಂದಾನಾ ಅವ್ರು ಬ್ಯಾಡ ಅಂದಿದ್ದು?"

ನಾನು ಅದನ್ನು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಹಣ ಸಾಲಲಿಲ್ಲವಂತೆ ಎಂದಿದ್ದೆ.

"ಹೇಳಿದ್ದೆ," ಎಂದಳು. "ನಾನೇ ಹೇಳಿದ್ದು. ತೆಗ್ದಾಕು ಅಂತ."

"ಯಾವಾಗ ಅತ್ತೆ?"

"ಹೇಳಿದ್ದೆ ಅಂದ್ನಲ್ಲ. ಯಾವಾಗ ಆದ್ರೇನು? ಆ ಸಾಹೇಬ್ರ ನಂಬರ್ ಐತಾ ನಿನ್ ತಾವ?" ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಮುಂದೆ ಚಾಚಿದಳು. "ಫೋನ್ ಮಾಡ್ಕೊಡು. ನಾನೇ ಮಾತಾಡ್ತೀನಿ. ಹುಡುಗುಂದೇನೂ ತಪ್ಪಿಲ್ಲ ಸ್ವಾಮಿ, ನಾನೇ ಹಠ ಮಾಡಿ ತೆಗ್ಸಿದ್ದು, ಇನ್ನೊಂದ್ಸಲ ನೋಡಿ ಅಂತೀನಿ. ದೊಡ್ಡೋರು, ಕೇಳ್ತಾರೆ."

ನಂಬರು ನನ್ನ ಫೋನಿನಲ್ಲಿತ್ತು. ಈಗಲೂ ಇದೆ.

"ಬದ್ಲಾಗಿದೆ ಅತ್ತೆ," ಎಂದೆ. "ಸಿಗಲ್ಲ."

ಕೈ ಇನ್ನೂ ಸ್ವಲ್ಪ ಹೊತ್ತು ಹಾಗೇ ಇತ್ತು. ಸಾಲಿನಲ್ಲಿದ್ದವರು ಕೆಮ್ಮಿದರು.

"ಹಂಗಾರೆ ಬುಡು," ಎಂದಳು. "ಊಟ ಮಾಡ್ಕೊಂಡು ಹೋಗು, ಹಂಗೇ ಹೋಗ್ಬ್ಯಾಡ." ಆಮೇಲೆ ನನ್ನ ಹಿಂದಿದ್ದ ಹೆಂಗಸಿಗೆ ಕ್ಯಾನು ಮುಂದೆ ತರಲು ಹೇಳಿದಳು, ನಾನು ಪಕ್ಕಕ್ಕೆ ಸರಿದೆ.